ಗೊಬ್ಬರದ ಚೀಲ, ಸಸಿಯ ತೊಟ್ಟೆ, ಚಿಪ್ಸ್ ಪೊಟ್ಟಣ: ಕೊಡಗಿನಲ್ಲಿ ವಿದ್ಯಾರ್ಥಿಗಳು ಇವುಗಳಿಂದ ನಿಜವಾಗಿ ಏನು ಮಾಡಬಹುದು?

ಪ್ರಶ್ನೆ ಕೇಳಿದವರು: ಎನ್‌ಎಸ್‌ಎಸ್ ವಿದ್ಯಾರ್ಥಿನಿ, ಪೊನ್ನಂಪೇಟೆ ಕಡೆ

ಎಲ್ಲರಿಗೂ ನಮಸ್ಕಾರ. ನಾನು ಪೊನ್ನಂಪೇಟೆ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಬಿಎಸ್ಸಿ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಕಳೆದ ಫೆಬ್ರವರಿಯಲ್ಲಿ ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಏಳು ದಿನಗಳ ವಿಶೇಷ ಶಿಬಿರ ನಡೆದಾಗ, ನಮ್ಮನ್ನು ಇರಿಸಿಕೊಂಡ ಹಳ್ಳಿಯ ರಸ್ತೆ ಬದಿಯಿಂದಲೂ ತೋಡಿನಿಂದಲೂ ಬಸ್ ತಂಗುದಾಣದ ಹಿಂದಿನ ಗುಂಡಿಯಿಂದಲೂ ಪ್ಲಾಸ್ಟಿಕ್ ಆಯ್ದು, ಚಿಪ್ಸ್ ಮತ್ತು ಬಿಸ್ಕತ್ತಿನ ಪೊಟ್ಟಣಗಳನ್ನು ನೀರಿನ ಬಾಟಲಿಗಳೊಳಗೆ ಕೋಲಿನಿಂದ ತುರುಕಿ 'ಇಕೋ ಬ್ರಿಕ್' ತಯಾರಿಸಿ, ಅವುಗಳನ್ನು ಸಿಮೆಂಟಿನಲ್ಲಿ ಕೂರಿಸಿ, ಅಲ್ಲಿನ ಪ್ರಾಥಮಿಕ ಶಾಲೆಯ ಹಲಸಿನ ಮರದ ಸುತ್ತ ಒಂದು ಕಟ್ಟೆ ಕಟ್ಟಿದೆವು. ಸುಮಾರು ಮುನ್ನೂರು ಬಾಟಲಿಗಳು ಹಿಡಿದವು. ಸಮಾರೋಪದ ದಿನ ಅತಿಥಿಗಳು ಅದರ ಮೇಲೆ ಕುಳಿತು ಫೋಟೋ ತೆಗೆಸಿಕೊಂಡರು.

ಆಗಸ್ಟ್ ಕೊನೆಯಲ್ಲಿ ನಾನು ಮತ್ತು ಇಬ್ಬರು ಗೆಳತಿಯರು ಆ ಶಾಲೆಗೆ ಮತ್ತೆ ಹೋಗಿದ್ದೆವು. ನುಣುಪಾದ ಬಾಟಲಿಗಳ ಮೇಲಿಂದ ಸಿಮೆಂಟು ಬೇಯಿಸಿದ ಮೊಟ್ಟೆಯ ಸಿಪ್ಪೆಯ ಹಾಗೆ ಹಲ್ಲೆಹಲ್ಲೆಯಾಗಿ ಬಿಟ್ಟುಕೊಂಡಿತ್ತು. ಒಂದು ಬಾಟಲಿ ಉಬ್ಬಿತ್ತು; ಅದರ ಮುಚ್ಚಳ ತಿರುಗಿಸಿದಾಗ ಹುಳಿ ವಾಸನೆಯ ಗಾಳಿ ಬುಸ್ಸೆಂದು ಹೊರಬಂದಿತು, ಒಳಗೆ ಮಸಾಲೆ ಅಂಟಿದ್ದ ಪೊಟ್ಟಣಗಳು ಬೂಷ್ಟು ಹಿಡಿದಿದ್ದವು. ಒಡೆದ ಮತ್ತೊಂದರಲ್ಲಿ ಇರುವೆಗಳು ಮನೆ ಮಾಡಿದ್ದವು. ಮುಖ್ಯೋಪಾಧ್ಯಾಯಿನಿಯವರು ಚಹಾ ಕೊಟ್ಟು ಬಹಳ ಮೆತ್ತಗಿನ ದನಿಯಲ್ಲಿ, "ಇದನ್ನು ನೀವೇ ತೆಗೆದುಕೊಂಡು ಹೋಗಲು ಆಗುತ್ತದೆಯೇ?" ಎಂದು ಕೇಳಿದರು. ಅಂದು ತಲೆ ಎತ್ತಿ ಅವರ ಮುಖ ನೋಡಲು ನಮಗೆ ಧೈರ್ಯ ಬರಲಿಲ್ಲ.

ಮುಂದಿನ ಶಿಬಿರದ ಸಿದ್ಧತೆ ಈಗಲೇ ಆರಂಭವಾಗಬೇಕು, ಮತ್ತು ಈ ಸಲ ಅದೇ ತಪ್ಪು ಮಾಡಬಾರದು ಎಂಬುದು ನಮ್ಮ ಗುಂಪಿನ ಹನ್ನೊಂದು ಮಂದಿಯ ನಿರ್ಧಾರ. ಆ ಏಳು ದಿನಗಳಲ್ಲಿ ಆಯ್ದದ್ದನ್ನು ನೆನಪಿಸಿಕೊಂಡರೆ, ಪ್ರವಾಸಿಗಳು ಎಸೆದ ಬಾಟಲಿ ಮತ್ತು ಪೊಟ್ಟಣಗಳು ಡಾಂಬರು ರಸ್ತೆಯ ಬದಿಯಲ್ಲಿ ಮಾತ್ರ ಇದ್ದವು; ಒಳದಾರಿಗಳಲ್ಲಿ ಮತ್ತು ತೋಡಿನಲ್ಲಿ ಸಿಕ್ಕಿದ್ದು ಬಹುತೇಕ ಗೊಬ್ಬರದ ಚೀಲ, ಕಾಫಿ ಮತ್ತು ಮೆಣಸಿನ ಸಸಿಗಳ ಕಪ್ಪು ಪ್ಲಾಸ್ಟಿಕ್ ತೊಟ್ಟೆ, ಹರಿದ ಟಾರ್ಪಾಲು. ಇವುಗಳಿಂದ ಹಳ್ಳಿಯವರಿಗೆ ಉಪಯೋಗವಾಗುವಂತಹದ್ದು ಏನಾದರೂ ಮಾಡಲು ಸಾಧ್ಯವೇ? ತೊಳೆದರೂ ನಮ್ಮ ಹವೆಯಲ್ಲಿ ಒಣಗಿಸುವುದು ಎಲ್ಲಿ? ಇನ್ನೊಂದು ವಿಷಯವೂ ಇದೆ. ಪ್ಲಾಸ್ಟಿಕ್ ಕರಗಿಸಿ ಹಲಗೆ ಮಾಡುವ ಸಣ್ಣ ಯಂತ್ರವೊಂದನ್ನು ಕಾಲೇಜಿಗೆ ಕೊಳ್ಳುವ ಮಾತು ನಡೆದಿದೆ, ಮಾರಾಟಗಾರರು ಅದಕ್ಕೆ ಯಾವ ಪ್ಲಾಸ್ಟಿಕ್ ಹಾಕಿದರೂ ನಡೆಯುತ್ತದೆ ಎನ್ನುತ್ತಿದ್ದಾರೆ. ಇದು ನಂಬುವ ಮಾತೇ? ಅನುಭವವಿರುವ ಹಿರಿಯರು ದಯವಿಟ್ಟು ತಿಳಿಸಬೇಕು.

ಉತ್ತರ 1: ಕಾಫಿ ಬೆಳೆಗಾರ, ಸಿದ್ದಾಪುರ ಸಮೀಪ

ಮಗಳೇ, ನಡೆದದ್ದನ್ನು ಮುಚ್ಚಿಡದೆ ಬರೆದಿದ್ದೀರಿ, ಅದಕ್ಕಾಗಿ ಮೊದಲು ಮೆಚ್ಚುಗೆ. ತೋಡಿನಲ್ಲಿ ಸಿಕ್ಕ ಆ ಚೀಲಗಳು ನಮ್ಮಂತಹವರ ತೋಟದಿಂದಲೇ ಬಂದವು ಎಂಬುದನ್ನು ಒಪ್ಪಿಕೊಂಡು ಈ ಉತ್ತರ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಪ್ಲಾಸ್ಟಿಕ್ಕನ್ನು ಮತ್ತೆ ಬಳಸುವುದು ಕಾಲೇಜುಗಳು ಹುಟ್ಟುಹಾಕಿದ ವಿಚಾರವಲ್ಲ. ಗೊಬ್ಬರದ ಚೀಲದ ಒಂದು ಮೂಲೆಯನ್ನು ಇನ್ನೊಂದು ಮೂಲೆಯೊಳಕ್ಕೆ ಮಡಿಚಿ ತಲೆಯಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುವ ಕೊಪ್ಪೆಯನ್ನು ಹಾಕಿಕೊಳ್ಳದೆ ನಾಟಿ ಮಾಡಿದವರು ನಮ್ಮ ಕಾಲದಲ್ಲಿ ಯಾರಿದ್ದರು? ಬಿದಿರು, ಎಲೆಗಳಿಂದ ಹೆಣೆದ ಗೊರಬೆ ಹೋಗಿ ಕಂಬಳಿ ಬಂತು, ಕಂಬಳಿ ಹೋಗಿ ಚೀಲ ಬಂತು. ಹಾಗಾಗಿ ಬಾಟಲಿಯ ಕಟ್ಟೆಗಿಂತ ಚೀಲವನ್ನು ಹಿಡಿದುಕೊಂಡು ಹೊರಟರೆ ಹಳ್ಳಿಯವರಿಗೆ ನಿಮ್ಮ ಮಾತು ಬೇಗ ಅರ್ಥವಾಗುತ್ತದೆ.

ಯಾವ ಚೀಲ ಯಾವಾಗ ಸಿಗುತ್ತದೆ ಎಂಬುದನ್ನು ಮೊದಲು ತಿಳಿಯಿರಿ. ಮುಂಗಾರಿಗೆ ಮುಂಚೆ ಮೇ, ಜೂನಿನಲ್ಲಿ ಒಮ್ಮೆ ಮತ್ತು ಮಳೆ ಹಿಂದೆಗೆದ ಮೇಲೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಇನ್ನೊಮ್ಮೆ ಗೊಬ್ಬರ ಹಾಕುವವರೇ ಇಲ್ಲಿ ಹೆಚ್ಚು. ಆಗ ಚೀಲಗಳು ರಾಶಿ ಬೀಳುತ್ತವೆ. ಯೂರಿಯಾ ಚೀಲ 2018ರಿಂದ 50 ಕೆ.ಜಿ.ಯ ಬದಲು 45 ಕೆ.ಜಿ.ಯದ್ದು ಬರುತ್ತಿದೆ, ಅದರಿಂದ ಚೀಲಗಳ ಸಂಖ್ಯೆಯೂ ಸ್ವಲ್ಪ ಏರಿತು. ಸಸಿಯ ಕಪ್ಪು ತೊಟ್ಟೆ ಬೀಳುವುದು ಜೂನ್, ಜುಲೈನಲ್ಲಿ, ಗಿಡ ನೆಡುವಾಗ. ಆಳುಗಳು ಬ್ಲೇಡಿನಿಂದ ತೊಟ್ಟೆ ಸೀಳಿ, ಮಣ್ಣಿನ ಹೆಂಟೆ ಒಡೆಯದಂತೆ ಗಿಡವನ್ನು ಗುಂಡಿಗೆ ಇಳಿಸಿ, ತೊಟ್ಟೆಯನ್ನು ಅಲ್ಲೇ ಪಕ್ಕಕ್ಕೆ ಎಸೆಯುತ್ತಾರೆ. ಮುಂದಿನ ಅರ್ಧ ಗಂಟೆಯ ಮಳೆ ಅದನ್ನು ತೋಡಿಗೆ ತಲುಪಿಸುತ್ತದೆ. ಸೀಳಿದ, ಕೆಸರು ಮೆತ್ತಿದ, ತೀರಾ ತೆಳುವಾದ ಆ ತೊಟ್ಟೆಯಿಂದ ಏನನ್ನೂ ಮಾಡಲು ಹೋಗಬೇಡಿ. ನೆಡುವ ದಿನವೇ ಪ್ರತಿ ಸಾಲಿನ ಕೊನೆಗೆ ಒಂದು ಖಾಲಿ ಚೀಲ ಕಟ್ಟಿ, ತೊಟ್ಟೆಗಳನ್ನು ಅದರಲ್ಲಿ ಹಾಕಿಸಿದರೆ ಅಷ್ಟೇ ದೊಡ್ಡ ಕೆಲಸ. ನಾನು ಹೀಗೆ ಮಾಡಲು ತೊಡಗಿದ್ದು ಮೂರು ವರ್ಷದಿಂದ ಮಾತ್ರ, ಅದೂ ಹೆಂಡತಿ ಬೈದ ಮೇಲೆ.

ಇನ್ನು ಒಣಗಿಸುವ ವಿಚಾರ. ಕೊಡಗಿನಲ್ಲಿ ಬಿಸಿಲೂ ವಿಶಾಲವಾದ ನೆಲವೂ ಒಟ್ಟಿಗೆ ಸಿಗುವ ಜಾಗವೆಂದರೆ ಕಾಫಿ ಕಣ. ಆದರೆ ನಿಮ್ಮ ಶಿಬಿರ ಫೆಬ್ರವರಿಯಲ್ಲಿ. ಆಗ ಯಾವ ಬೆಳೆಗಾರನೂ ಕಣದಲ್ಲಿ ಅಂಗೈ ಅಗಲ ಜಾಗ ಬಿಟ್ಟುಕೊಡುವುದಿಲ್ಲ, ಕಾಫಿಯ ಪಕ್ಕ ಗೊಬ್ಬರದ ಚೀಲ ಹರಡುವುದಕ್ಕಂತೂ ಖಂಡಿತ ಒಪ್ಪುವುದಿಲ್ಲ. ಏಪ್ರಿಲಿನಲ್ಲಿ ಕಣ ಖಾಲಿ, ಆದರೆ ನಿಮಗೆ ಪರೀಕ್ಷೆಯ ಗಡಿಬಿಡಿ. ನನ್ನದು ಪೂರ್ತಿ ರೋಬಸ್ಟಾ ತೋಟ. ಅರೇಬಿಕಾ ಇರುವವರಂತೆ ನವೆಂಬರಿನಲ್ಲೇ ನಮಗೆ ಕುಯ್ಲಿನ ಅವಸರವಿಲ್ಲ. ಹಾಗಾಗಿ ನವೆಂಬರ್ ಮಧ್ಯದಿಂದ ಹುತ್ತರಿ ಹಬ್ಬದವರೆಗೆ ನಮ್ಮ ಸಿಮೆಂಟು ಕಣ ಬರಿದಾಗಿರುತ್ತದೆ ಮತ್ತು ಹೆಚ್ಚಿನ ದಿನಗಳಲ್ಲಿ ಬಿಸಿಲೂ ಇರುತ್ತದೆ. ಅಲ್ಲಿಯವರೆಗೆ ಚೀಲಗಳನ್ನು ಪಲ್ಪರ್ ಮನೆಯ (ಕಾಫಿಹಣ್ಣಿನ ಸಿಪ್ಪೆ ಸುಲಿಯುವ ಯಂತ್ರದ ಕಟ್ಟಡದ) ಒಂದು ಮೂಲೆಯಲ್ಲಿ ಇಡಬಹುದು. ಒಣಗಿಸಿದ ಮೇಲೆ ಕಣವನ್ನು ತೊಳೆದುಕೊಡಬೇಕು ಎಂಬುದೊಂದೇ ಷರತ್ತು.

ಎರಡು ಎಚ್ಚರಿಕೆಗಳನ್ನು ಮರೆಯಬೇಡಿ. ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನು ವಿದ್ಯಾರ್ಥಿಗಳು ಮುಟ್ಟಲೇಬಾರದು. ಅವುಗಳನ್ನು ಸಿಂಪಡಿಸುವವರೇ ಮೂರು ಬಾರಿ ತೊಳೆದು, ಆ ನೀರನ್ನು ಸಿಂಪರಣೆಯ ಡ್ರಮ್ಮಿಗೇ ಸುರಿದು, ತಳ ತೂತು ಮಾಡಿ ಬೇರೆ ಇಡಬೇಕು. ಅಂತಹ ಡಬ್ಬಿಯಿಂದ ಹೂಕುಂಡ ಮಾಡಿ ಶಾಲೆಗೆ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡನೆಯದು, ಎಷ್ಟು ತೊಳೆದರೂ ಗೊಬ್ಬರದ ಚೀಲ ಗೊಬ್ಬರದ ಚೀಲವೇ. ಕಾಫಿಹಣ್ಣು, ಕರಿಮೆಣಸು, ಭತ್ತ ತಾಗುವ ಯಾವ ವಸ್ತುವಿಗೂ ಅದು ಬೇಡ. ಅದಕ್ಕೆ ಅಕ್ಕಿ ಚೀಲ, ಹಿಂಡಿ ಚೀಲ ಬಳಸಿ. ಅವೂ ಪ್ರತಿ ಮನೆಯಲ್ಲಿ ಬಿದ್ದಿರುತ್ತವೆ.

ಉತ್ತರ 2: ಸ್ವಚ್ಛ ಸಂಕೀರ್ಣದ ಕಾರ್ಯಕರ್ತೆ, ಸೋಮವಾರಪೇಟೆ ತಾಲ್ಲೂಕು

ತಂಗಿ, ನಾನು ನಮ್ಮ ಪಂಚಾಯಿತಿಯ ಒಣಕಸ ಘಟಕದಲ್ಲಿ ಕೆಲಸ ಮಾಡುವ ಸಂಜೀವಿನಿ ಮಹಿಳಾ ಸ್ವಸಹಾಯ ಸಂಘದ ಸದಸ್ಯೆ. ಮೇಲಿನ ಅಣ್ಣ ತೋಟದ ಕಡೆಯಿಂದ ಬರೆದಿದ್ದಾರೆ, ನಾನು ಕಸ ಬಂದು ಬೀಳುವ ಕಡೆಯಿಂದ ಬರೆಯುತ್ತೇನೆ.

ನಿಮ್ಮ ಕಟ್ಟೆಯ ಬಗ್ಗೆ ನನಗೆ ಬೇಸರವಾದದ್ದು ಅದು ಒಡೆದುದಕ್ಕಲ್ಲ. ನೀರಿನ ಬಾಟಲಿ ನಮ್ಮ ಘಟಕಕ್ಕೆ ಬರುವ ಕಸದಲ್ಲಿ ಒಳ್ಳೆಯ ಬೆಲೆಗೆ ಹೋಗುವ ವಸ್ತು. ಮುಚ್ಚಳ, ಹಣೆಪಟ್ಟಿ ತೆಗೆದು ತುಳಿದು ಚಪ್ಪಟೆ ಮಾಡಿದರೆ ಗುಜರಿಯವರು ಕೇಳಿಕೊಂಡು ಬಂದು ಒಯ್ಯುತ್ತಾರೆ, ಅದರಿಂದ ಮತ್ತೆ ನೂಲಾಗುತ್ತದೆ, ನೂಲಿನಿಂದ ಬಟ್ಟೆಯಾಗುತ್ತದೆ. ಚಿಪ್ಸ್ ಪೊಟ್ಟಣಕ್ಕೆ ಗುಜರಿಯಲ್ಲಿ ಒಂದು ಪೈಸೆಯೂ ಇಲ್ಲ. ನೀವು ಬೆಲೆಯಿಲ್ಲದ್ದನ್ನು ಬೆಲೆಯುಳ್ಳದ್ದರೊಳಗೆ ತುರುಕಿ, ಎರಡಕ್ಕೂ ಬೆಲೆಯಿಲ್ಲದಂತೆ ಮಾಡಿದಿರಿ. ಈಗ ಆ ಮುನ್ನೂರು ಬಾಟಲಿಗಳನ್ನು ಬಿಚ್ಚಿ ಬೇರ್ಪಡಿಸಲು ನಮ್ಮಂತಹ ಇಬ್ಬರು ಹೆಂಗಸರಿಗೆ ವಾರ ಹಿಡಿಯುತ್ತದೆ. ಇದು ಆಕ್ಷೇಪಣೆಗೆ ಹೇಳಿದ ಮಾತಲ್ಲ. ನಮ್ಮಲ್ಲಿಗೂ ಒಂದು ಶಾಲೆಯವರು ಇಂತಹ ಬಾಟಲಿಗಳನ್ನು ಗಾಡಿ ತುಂಬ ತಂದು, "ಪ್ರದರ್ಶನ ಮುಗಿಯಿತು, ಇಟ್ಟುಕೊಳ್ಳಿ" ಎಂದು ಇಳಿಸಿ ಹೋಗಿದ್ದರು.

ಚಿಪ್ಸ್ ಪೊಟ್ಟಣದ ಒಳಮೈ ಬೆಳ್ಳಿಯ ಹಾಗೆ ಹೊಳೆಯುತ್ತದಲ್ಲ, ಅದನ್ನು ಮುಷ್ಟಿಯಲ್ಲಿ ಮುದುರಿ ಬಿಟ್ಟು ನೋಡಿ. ಮುದುರಿದ ಹಾಗೆಯೇ ನಿಂತರೆ ಅದು ಅಲ್ಯೂಮಿನಿಯಂ ಹಾಳೆ. ಪರಪರ ಎನ್ನುತ್ತಾ ಬಿಚ್ಚಿಕೊಂಡರೆ ಲೋಹದ ಲೇಪವಿರುವ ಪ್ಲಾಸ್ಟಿಕ್. ಹೆಚ್ಚಿನವು ಎರಡನೆಯ ಬಗೆಯವು, ಮತ್ತು ಪದರ ಪದರವಾಗಿ ಅಂಟಿಸಿದ ಅವುಗಳನ್ನು ಬಿಡಿಸಿ ಮತ್ತೆ ಕಚ್ಚಾವಸ್ತು ಮಾಡುವ ಅನುಕೂಲ ನಮ್ಮ ಊರುಗಳಲ್ಲಿ ಇಲ್ಲ. ಇಂತಹವನ್ನು ಒಟ್ಟುಮಾಡಿ, ಒತ್ತಿ ದೊಡ್ಡ ಕಟ್ಟು (ಬೇಲು) ಕಟ್ಟಿದರೆ ಸಿಮೆಂಟು ಕಾರ್ಖಾನೆಯ ಗೂಡಿಗೆ ಕಲ್ಲಿದ್ದಲಿನ ಜೊತೆ ಉರುವಲಾಗಿ ಹೋಗುತ್ತದೆ. ಕರಾವಳಿಯ ಉಡುಪಿ ಜಿಲ್ಲೆಯ ನಿಟ್ಟೆಯಲ್ಲಿ ಹಲವು ಪಂಚಾಯಿತಿಗಳ ಒಣಕಸವನ್ನು ಒಂದೇ ಕಡೆ ಬೇರ್ಪಡಿಸುವ ದೊಡ್ಡ ಘಟಕವಿದೆ. ಸಾಧ್ಯವಾದರೆ ನಿಮ್ಮ ಗುಂಪು ಒಮ್ಮೆ ಹೋಗಿ ನೋಡಿ ಬರಲಿ. ಯಾವುದು ಮಾರಾಟವಾಗುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಕಣ್ಣಿನಿಂದ ಕಂಡರೆ, ಯಾವುದಕ್ಕೆ ನಿಮ್ಮ ಕೈ ಬೇಕು ಎಂಬುದು ತಾನಾಗಿ ತಿಳಿಯುತ್ತದೆ.

ಹಾಲಿನ ಪೊಟ್ಟಣವನ್ನು ಕುರಿತು ಒಂದು ಮಾತು ಹೇಳದಿದ್ದರೆ ಆಗುವುದಿಲ್ಲ. ತೊಳೆದು ಒಣಗಿಸಿದ ಹಾಲಿನ ಪೊಟ್ಟಣ ಗಟ್ಟಿಯಾದ, ಒಳ್ಳೆಯ ಪ್ಲಾಸ್ಟಿಕ್. ಆದರೆ ಎಲ್ಲರೂ ಮೂಲೆಯನ್ನು ಕತ್ತರಿಸಿ ಎಸೆಯುತ್ತಾರೆ, ಉಗುರಿನಷ್ಟಿರುವ ಆ ಚೂರು ಯಾವ ಕೈಗೂ ಸಿಗದೆ ಸೀದಾ ಬಚ್ಚಲ ಮೋರಿಗೆ ಹೋಗುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸದೆ ಪೊಟ್ಟಣಕ್ಕೆ ಅಂಟಿಕೊಂಡಿರುವಂತೆ ಬಿಡಿ ಎಂದು ಮನೆಮನೆಗೆ ಹೇಳುವುದು ನಿಮ್ಮ ಎನ್‌ಎಸ್‌ಎಸ್ ಘಟಕದ ಮಕ್ಕಳಿಂದ ಆಗುವ ಕೆಲಸ. ನಾವು ಹೇಳಿದರೆ ಜನ ಕೇಳುವುದಿಲ್ಲ, ಕಾಲೇಜಿನ ಹುಡುಗಿಯರು ಹೇಳಿದರೆ ಕೇಳುತ್ತಾರೆ. ಏಕೆ ಎಂದು ನನ್ನನ್ನು ಕೇಳಬೇಡಿ.

ನಿಮ್ಮ ಯೋಜನೆಯಲ್ಲಿ ವರ್ಷಕ್ಕೆ 120 ಗಂಟೆಗಳ ಸೇವೆ ಇರುತ್ತದೆಯಲ್ಲವೇ? ಅದನ್ನು ಏಳು ದಿನದ ಶಿಬಿರಕ್ಕೆ ಮಾತ್ರ ಕಟ್ಟಿಹಾಕದೆ, ಇಬ್ಬಿಬ್ಬರಂತೆ ವಾರಕ್ಕೊಮ್ಮೆ ನಿಮ್ಮ ಪಂಚಾಯಿತಿಯ ಘಟಕಕ್ಕೆ ಹೋಗಿ, ಬಂದ ಕಸವನ್ನು ಬಗೆಬಗೆಯಾಗಿ ತೂಗಿ ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ. ಮೂರು ತಿಂಗಳಲ್ಲಿ ನಿಮ್ಮ ಊರಿನ ಪ್ಲಾಸ್ಟಿಕ್ ಯಾವುದು ಎಂಬುದು ಅಂಗೈಯ ನೆಲ್ಲಿಕಾಯಿಯಾಗುತ್ತದೆ.

ಉತ್ತರ 3: ನಿವೃತ್ತ ಉಪನ್ಯಾಸಕ, ಪಾಲಿಟೆಕ್ನಿಕ್, ಕುಶಾಲನಗರ

ಯಂತ್ರದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಉಳಿದುದರಲ್ಲಿ ಮೇಲಿನ ಇಬ್ಬರಿಗೆ ನನಗಿಂತ ಹೆಚ್ಚು ತಿಳಿದಿದೆ.

ಯಾವ ಪ್ಲಾಸ್ಟಿಕ್ ಹಾಕಿದರೂ ನಡೆಯುತ್ತದೆ ಎನ್ನುವ ಮಾರಾಟಗಾರನನ್ನು ಬಾಗಿಲಿನಿಂದಲೇ ಬೀಳ್ಕೊಡಿ. ಹಾಲಿನ ಪೊಟ್ಟಣದ ತೆಳು ಪಾಲಿಥಿನ್ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಶಾಂಪೂ ಬಾಟಲಿ, ಕ್ಯಾನುಗಳ ಗಟ್ಟಿ ಪಾಲಿಥಿನ್ ಸುಮಾರು 130ರಲ್ಲಿ. ಚೀಲ ನೇಯುವ ಪಾಲಿಪ್ರೊಪಿಲೀನ್ 160ರ ಆಸುಪಾಸಿನಲ್ಲಿ. ನೀರಿನ ಬಾಟಲಿಯ ಪೆಟ್ 250 ದಾಟಿದ ಮೇಲೆ. ಇವೆಲ್ಲವನ್ನೂ ಒಂದೇ ಬಾಣಲೆಗೆ ಹಾಕಿದರೆ, ಒಂದು ಕರಗುವ ಹೊತ್ತಿಗೆ ಇನ್ನೊಂದು ಕಲ್ಲಿನಂತೆ ಉಳಿದಿರುತ್ತದೆ, ಅದನ್ನು ಕರಗಿಸಹೊರಟರೆ ಮೊದಲಿನದು ಸುಟ್ಟು ಹೊಗೆಯಾಡುತ್ತದೆ. ಅವು ಒಂದರೊಡನೊಂದು ಬೆರೆಯುವುದೂ ಇಲ್ಲ; ತಣಿದ ಹಲಗೆ ನೋಡಲು ಚೆಂದ, ಮೊಣಕಾಲು ಊರಿದರೆ ಪದರದಲ್ಲಿ ಬಿರಿಯುತ್ತದೆ. ಇದಕ್ಕಿಂತ ಅಪಾಯದ ವಿಷಯವೆಂದರೆ ಪಿವಿಸಿ. ಹಳೆಯ ಪೈಪಿನ ತುಂಡೋ ರೆಕ್ಸಿನ್ ಚೂರೋ ತಪ್ಪಿ ಸೇರಿಕೊಂಡರೆ ಕಾಯಿಸುವಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ, ಅದು ಕಣ್ಣು, ಗಂಟಲು, ಶ್ವಾಸಕೋಶಕ್ಕೆ ಆಮ್ಲವೇ ಸರಿ. ಹೆಂಚಿನ ಕೋಣೆಯಲ್ಲಿ ಮಳೆಗೆ ಕಿಟಕಿ ಮುಚ್ಚಿಕೊಂಡು ಈ ಪ್ರಯೋಗ ಮಾಡುವುದನ್ನು ಯೋಚಿಸಿಯೇ ನನಗೆ ಎದೆ ನಡುಗುತ್ತದೆ.

ಬೇರ್ಪಡಿಸಲು ಒಂದು ಸುಲಭ ಉಪಾಯವಿದೆ. ಚೂರು ಮಾಡಿದ ಪ್ಲಾಸ್ಟಿಕ್ಕನ್ನು ಬಕೆಟ್ ನೀರಿಗೆ ಹಾಕಿ ಚೆನ್ನಾಗಿ ಕಲಕಿ. ಪಾಲಿಥಿನ್, ಪಾಲಿಪ್ರೊಪಿಲೀನ್ ನೀರಿಗಿಂತ ಹಗುರ, ತೇಲುತ್ತವೆ; ಪೆಟ್ ಮತ್ತು ಪಿವಿಸಿ ಮುಳುಗುತ್ತವೆ. ಮುಳುಗಿದ್ದನ್ನು ಎಂದಿಗೂ ಕಾಯಿಸಬೇಡಿ. ವಸ್ತುವಿನ ತಳದ ತ್ರಿಕೋನದೊಳಗಿನ ಅಂಕಿಯನ್ನೂ ನೋಡಿ: 1 ಪೆಟ್, 2 ಗಟ್ಟಿ ಪಾಲಿಥಿನ್, 3 ಪಿವಿಸಿ, 4 ತೆಳು ಪಾಲಿಥಿನ್, 5 ಪಾಲಿಪ್ರೊಪಿಲೀನ್, 6 ಪಾಲಿಸ್ಟೈರೀನ್, 7 ಎಂದರೆ ಉಳಿದದ್ದೆಲ್ಲ.

ನೆದರ್‌ಲೆಂಡ್ಸ್‌ನ ಡೇವ್ ಹ್ಯಾಕೆನ್ಸ್ 2013ರಲ್ಲಿ ಆರಂಭಿಸಿದ 'ಪ್ರೆಶಿಯಸ್ ಪ್ಲಾಸ್ಟಿಕ್' ಎಂಬ ಯೋಜನೆ ಚೂರು ಮಾಡುವ, ಒತ್ತುವ, ಅಚ್ಚಿಗೆ ತುಂಬುವ ಸಣ್ಣ ಯಂತ್ರಗಳ ನಕ್ಷೆಗಳನ್ನು ಯಾರು ಬೇಕಾದರೂ ಬಳಸಲೆಂದು ಮುಕ್ತವಾಗಿ ಬಿಟ್ಟಿದೆ. ಕಾಲೇಜಿಗೆ ಹಣ ಖರ್ಚು ಮಾಡಲೇಬೇಕೆಂದಿದ್ದರೆ ಆ ನಕ್ಷೆ ನೋಡಿ ಸ್ಥಳೀಯ ವರ್ಕ್‌ಶಾಪಿನಲ್ಲಿ ಚೂರು ಮಾಡುವ ಯಂತ್ರವೊಂದನ್ನು ಮಾತ್ರ ಮಾಡಿಸಿಕೊಳ್ಳಿ ಮತ್ತು ಬಾಟಲಿ ಮುಚ್ಚಳಗಳಿಗೆ ಮಾತ್ರ ಬಳಸಿ. ಮುಚ್ಚಳಗಳು ಬಹುತೇಕ 2 ಅಥವಾ 5ರ ಬಗೆಯವು, ತೊಳೆಯುವುದು ಸುಲಭ, ಮೊರದಲ್ಲಿ ಹರಡಿದರೆ ಅಡುಗೆಮನೆಯಲ್ಲೂ ಒಣಗುತ್ತವೆ. ಆದರೂ ಹೇಳುತ್ತೇನೆ: ಮೂರು ದಿನ ಕರೆಂಟು ಹೋಗುವ ಜುಲೈನಲ್ಲಿ ಯಂತ್ರ ನಂಬಿದ ಯೋಜನೆ ನಡೆಯುವುದಿಲ್ಲ, ತುಳಿದು ಹೊಲಿಯುವ ಯಂತ್ರ ನಡೆಯುತ್ತದೆ.

ಪ್ಲಾಸ್ಟಿಕ್ ರಸ್ತೆಯ ಬಗ್ಗೆ ಯಾರಾದರೂ ಖಂಡಿತ ಕೇಳುತ್ತಾರೆ, ಆದ್ದರಿಂದ ಒಂದೆರಡು ಸಾಲು. ಮಧುರೈನ ತ್ಯಾಗರಾಜರ್ ಎಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಅವರ ವಿಧಾನದಲ್ಲಿ ಕಾದ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಸುರಿದು, ಅದು ಜಲ್ಲಿಗೆ ಲೇಪವಾದ ಮೇಲೆ ಡಾಂಬರು ಬೆರೆಸುತ್ತಾರೆ. ಅವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಇದಕ್ಕೆ 2013ರಿಂದ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯೂ ಇದೆ. ಅದು ಡಾಂಬರು ಮಿಶ್ರಣ ಘಟಕದಲ್ಲಿ ಗುತ್ತಿಗೆದಾರರು ಮಾಡುವ ಕೆಲಸ, ವಿದ್ಯಾರ್ಥಿಗಳ ಪಾಲಿನದ್ದಲ್ಲ.

ಉತ್ತರ 4: ಹಳೆಯ ವಿದ್ಯಾರ್ಥಿ, ಈಗ ಮೈಸೂರಿನಲ್ಲಿ ಕೆಲಸ

ಸರ್ ಹೇಳಿದ ಅಂಕಿ ಅಂಶಗಳಲ್ಲಿ ನನಗೆ ತಕರಾರಿಲ್ಲ, ಆದರೆ ಯಾವುದು ವಿದ್ಯಾರ್ಥಿಗಳ ಪಾಲಿನದ್ದು ಎಂಬ ಗೆರೆಯನ್ನು ಅವರು ಸ್ವಲ್ಪ ಬಿಗಿಯಾಗಿಯೇ ಎಳೆದರು ಎನಿಸಿತು. ಮಡಿಕೇರಿಯಲ್ಲಿ ಓದುತ್ತಿದ್ದಾಗ ನಾವು ಆರು ಮಂದಿ ಸೇರಿ, ಪುಣೆಯಲ್ಲಿ ಕೆಲವರು ಚರಕ ಮತ್ತು ಕೈಮಗ್ಗದಲ್ಲಿ ಪ್ಲಾಸ್ಟಿಕ್ ಪಟ್ಟಿಗಳನ್ನು ನೇಯುವ ವಿಡಿಯೊ ನೋಡಿ, ಪೊಟ್ಟಣಗಳಿಂದ ಚೀಲ ಮಾಡಲು ಹೊರಟಿದ್ದೆವು. ಮಗ್ಗ ಇರಲಿಲ್ಲ, ಹಾಗಾಗಿ ಪಟ್ಟಿ ಕತ್ತರಿಸಿ ಕೊಕ್ಕೆ ಕಡ್ಡಿಯಿಂದ ಹೆಣೆದೆವು. ಒಂದು ಚೀಲಕ್ಕೆ ಇಬ್ಬರಿಗೆ ಮೂರು ಸಂಜೆಗಳು ಬೇಕಾಗುತ್ತಿದ್ದವು. ಒಂದು ವರ್ಷದಲ್ಲಿ ಮಾರಾಟವಾದದ್ದು ಹದಿನಾಲ್ಕು, ಅದರಲ್ಲಿ ಒಂಬತ್ತನ್ನು ನಮ್ಮ ಅಧ್ಯಾಪಕರೇ ಕೊಂಡರು. ಲೆಕ್ಕ ಹಾಕಿದರೆ ನಷ್ಟವೇ. ಆದರೆ ಆ ಹೆಣಿಗೆಯನ್ನು ಕಂಡು ನಮ್ಮ ಬೀದಿಯ ಇಬ್ಬರು ಅಜ್ಜಿಯರು, ಪೆಟ್ಟಿಗೆಗಳಿಗೆ ಬಿಗಿಯುವ ಹಳದಿ ಪ್ಲಾಸ್ಟಿಕ್ ಪಟ್ಟಿಗಳನ್ನು ಅಂಗಡಿಗಳಿಂದ ಕೇಳಿ ತಂದು, ವೈರ್ ಬುಟ್ಟಿ ಹೆಣೆಯುವ ಕ್ರಮದಲ್ಲೇ ತರಕಾರಿ ಬುಟ್ಟಿ ಹೆಣೆದರು. ಅವು ಇಂದಿಗೂ ಬಳಕೆಯಲ್ಲಿವೆ. ನಮ್ಮ ಚೀಲಗಳಲ್ಲಿ ಒಂದೂ ಉಳಿದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟು. ಏನು ಮಾಡಬೇಕೆಂದು ಹಾಸ್ಟೆಲಿನಲ್ಲಿ ಕುಳಿತು ತೀರ್ಮಾನಿಸದೆ, ಊರಿನಲ್ಲಿ ಹೊಲಿಯಬಲ್ಲವರು, ಹೆಣೆಯಬಲ್ಲವರು ಯಾರಿದ್ದಾರೆ ಎಂದು ವಿಚಾರಿಸಿ. ಬೆಳೆಗಾರರು ಹೇಳಿದ ಅಕ್ಕಿ ಚೀಲ, ಹಿಂಡಿ ಚೀಲಗಳಿಂದ ಕಾಫಿ ಕುಯ್ಯುವವರು ಸೊಂಟಕ್ಕೆ ಕಟ್ಟಿಕೊಳ್ಳುವ ಚೀಲ ಹೊಲಿಯಬಹುದು. ಗೊಬ್ಬರದ ಚೀಲದ ಒಳಪದರದಿಂದ ಶಾಲಾ ಮಕ್ಕಳ ಬ್ಯಾಗಿಗೆ ಮಳೆಗಾಲದ ಹೊದಿಕೆ ಮಾಡಬಹುದು.

ಪೊಟ್ಟಣ ಹೆಣೆಯುವುದರ ಜೊತೆಗೆ ನೇಯ್ದ ಚೀಲವನ್ನೂ ಹೊಲಿದು ನೋಡಿದ್ದೆವು, ಆ ಹೊಲಿಗೆಯಲ್ಲಿ ನಾವು ಪೆಟ್ಟು ತಿಂದ ಒಂದು ಜಾಗ ಹೇಳುತ್ತೇನೆ. ನೇಯ್ದ ಚೀಲವನ್ನು ಕತ್ತರಿಸಿದ ಕೂಡಲೇ ಅಂಚಿನ ಎಳೆಗಳು ಹುಲ್ಲಿನಂತೆ ಬಿಚ್ಚಿಕೊಳ್ಳುತ್ತವೆ. ಅಂಚನ್ನು ಎರಡು ಸಲ ಮಡಿಚಿ, ಹದಿನೆಂಟನೇ ನಂಬರಿನ ಸೂಜಿ, ನೈಲಾನ್ ದಾರ ಹಾಕಿ, ಹೊಲಿಗೆಯನ್ನು ಉದ್ದುದ್ದ ಇಡಬೇಕು. ಬಟ್ಟೆಗೆ ಹಾಕುವಂತೆ ಒತ್ತೊತ್ತಾಗಿ ಹಾಕಿದರೆ ಸೂಜಿಯ ತೂತುಗಳೇ ಸಾಲಾಗಿ, ಅಂಚೆಚೀಟಿಯ ಹಾಗೆ ಅಲ್ಲಿಂದಲೇ ಹರಿದುಬರುತ್ತದೆ. ನಮ್ಮ ಮೊದಲ ಇಪ್ಪತ್ತು ಚೀಲಗಳು ಹೀಗೆಯೇ ಹೋದವು.

ಉತ್ತರ 5: ನಿವೃತ್ತ ಉಪನ್ಯಾಸಕ, ಕುಶಾಲನಗರ

ಹಳೆಯ ವಿದ್ಯಾರ್ಥಿಯ ಮಾತನ್ನು ಒಪ್ಪುತ್ತೇನೆ, ಒಂದು ಸೇರ್ಪಡೆಯೊಂದಿಗೆ. ನೇಯ್ದ ಚೀಲದ ಪ್ಲಾಸ್ಟಿಕ್ ಬಿಸಿಲನ್ನು ತಾಳುವುದಿಲ್ಲ. ಕೆಲವೇ ತಿಂಗಳು ಬಿಸಿಲಿಗೆ ಬಿದ್ದರೆ ಬಿಳಿಚಿಕೊಂಡು, ಮುಟ್ಟಿದರೆ ಪುಡಿಯಾಗುವ ಎಳೆಗಳಾಗಿ ಮಣ್ಣಿಗೆ ಸೇರುತ್ತದೆ. 2018ರ ಆಗಸ್ಟಿನ ಭೂಕುಸಿತದ ನಂತರ ರಸ್ತೆ ಬದಿಗೆ ಪೇರಿಸಿದ್ದ ಮರಳು ಮೂಟೆಗಳನ್ನು ಕಂಡವರಿಗೆ ಇದು ಗೊತ್ತು. ಆದ್ದರಿಂದ ಶಾಲೆಯ ಕೈತೋಟದ ಗಿಡದ ಚೀಲ, ಬೇಲಿಯ ಮರೆ ಇತ್ಯಾದಿ ಸದಾ ಹೊರಗಿರುವ ವಸ್ತುಗಳನ್ನು ಮಾಡಬೇಡಿ. ಕುಯ್ಲು ಮುಗಿದ ಮೇಲೆ ಒಳಗೆ ತೂಗುಹಾಕುವ ಸೊಂಟದ ಚೀಲ ಸರಿಯಾದ ಆಯ್ಕೆ. ಪ್ರತಿಯೊಂದರ ಮೇಲೂ ಹೊಲಿದ ತಿಂಗಳು, ವರ್ಷ ಬರೆಯಿರಿ. ಹಳತಾದಾಗ ಹಿಂದಕ್ಕೆ ಪಡೆದು ಒಣಕಸ ಘಟಕಕ್ಕೆ ಒಪ್ಪಿಸುವುದೂ ನಿಮ್ಮ ಯೋಜನೆಯ ಭಾಗವಾಗಿರಲಿ. ಇಕೋ ಬ್ರಿಕ್ಕಿಗೂ ಒಂದು ಲೀಟರಿನ ಬಾಟಲಿ ಒಣ ಪ್ಲಾಸ್ಟಿಕ್ ತುಂಬಿದ ಮೇಲೆ ಕನಿಷ್ಠ 330 ಗ್ರಾಂ ತೂಗಬೇಕೆಂಬ ಲೆಕ್ಕವಿದೆ. ನೀವು ತೂಗಿದ್ದಿರಾ?

ಪ್ರಶ್ನೆ ಕೇಳಿದವರು: ಎನ್‌ಎಸ್‌ಎಸ್ ವಿದ್ಯಾರ್ಥಿನಿ

ತೂಗಿರಲಿಲ್ಲ, ಸರ್. ಕೋಲು ಒಳಗೆ ಹೋಗದಿದ್ದರೆ ತುಂಬಿತು ಎಂದುಕೊಂಡಿದ್ದೆವು.

ಎಲ್ಲರ ಉತ್ತರಗಳನ್ನು ನಿನ್ನೆ ನಮ್ಮ ಗುಂಪಿನಲ್ಲಿ ಗಟ್ಟಿಯಾಗಿ ಓದಿದೆವು. ಯಂತ್ರದ ಪ್ರಸ್ತಾಪವನ್ನು ಕೈಬಿಡಬೇಕೆಂದು ಪ್ರಾಂಶುಪಾಲರಿಗೆ ಬರೆದುಕೊಡುತ್ತಿದ್ದೇವೆ; ಪ್ರದರ್ಶನಕ್ಕೆ ಏನಿಡುತ್ತೀರಿ ಎಂಬ ಪ್ರಶ್ನೆ ಬರುವುದು ಖಚಿತ, ಅಕ್ಕ ಹೇಳಿದ ತೂಕದ ಪುಸ್ತಕವನ್ನೇ ಇಡುತ್ತೇವೆ ಎಂದುಕೊಂಡಿದ್ದೇವೆ. ಅಕ್ಟೋಬರಿನ ತುಲಾ ಸಂಕ್ರಮಣಕ್ಕೆ ತಲಕಾವೇರಿಯಲ್ಲಿ ನಮ್ಮ ಎನ್‌ಎಸ್‌ಎಸ್ ಘಟಕಕ್ಕೆ ಸ್ವಚ್ಛತಾ ಕೆಲಸವಿದೆ. ಅಲ್ಲಿ ಸಿಗುವ ಬಾಟಲಿಗಳನ್ನು ತುಳಿದು ಚಪ್ಪಟೆ ಮಾಡಿ, ಮುಚ್ಚಳ ಬೇರೆ ಮಾಡಿ, ಹಾಗೆಯೇ ಒಣಕಸ ಘಟಕಕ್ಕೆ ಕೊಡುತ್ತೇವೆ. ಶಾಲೆಯ ಕಟ್ಟೆಯನ್ನು ಮುಂದಿನ ಎರಡು ಭಾನುವಾರಗಳಲ್ಲಿ ನಾವೇ ಕೆಡವುತ್ತೇವೆ, ಬಾಟಲಿಗಳನ್ನು ನಾವೇ ಬಿಚ್ಚಿ ಬೇರ್ಪಡಿಸುತ್ತೇವೆ, ಆ ಕೆಲಸವನ್ನು ಘಟಕದ ಅಕ್ಕಂದಿರ ತಲೆಗೆ ಕಟ್ಟುವುದಿಲ್ಲ. ಹೊಲಿಗೆಗೆ ನನ್ನ ಚಿಕ್ಕಮ್ಮ ಮತ್ತು ಅವರ ಸಂಘದ ಮೂವರು ಒಪ್ಪಿದ್ದಾರೆ, ಆದರೆ ಮೊದಲು ಒಂದೇ ಒಂದು ಸೊಂಟದ ಚೀಲ ಹೊಲಿದು, ಕುಯ್ಯುವವರ ಸೊಂಟಕ್ಕೆ ಕಟ್ಟಿ ನೋಡಿ, ಆಮೇಲೆ ಉಳಿದದ್ದು ಎಂದು ಚಿಕ್ಕಮ್ಮ ಖಡಾಖಂಡಿತವಾಗಿ ಹೇಳಿದ್ದಾರೆ.

ಬೆಳೆಗಾರ ಅಂಕಲ್, ಪಲ್ಪರ್ ಮನೆಯಲ್ಲಿ ಚೀಲ ಇಡುವ ಜಾಗ ನೋಡಲು ಈ ಶನಿವಾರ ನಾವು ನಾಲ್ವರು ಬರಬಹುದೇ?

ಉತ್ತರ 6: ಕಾಫಿ ಬೆಳೆಗಾರ, ಸಿದ್ದಾಪುರ ಸಮೀಪ

ಧಾರಾಳವಾಗಿ ಬನ್ನಿ, ಮಧ್ಯಾಹ್ನದ ಊಟ ನಮ್ಮಲ್ಲೇ. ಸೊಂಟದ ಚೀಲದ ಅಳತೆಗೆ ಚಿಕ್ಕಮ್ಮನವರನ್ನೂ ಕರೆದುಕೊಂಡು ಬಂದರೆ ಒಳ್ಳೆಯದು. ನಮ್ಮಲ್ಲಿ ಇಪ್ಪತ್ತೈದು ವರ್ಷದಿಂದ ಕುಯ್ಯುತ್ತಿರುವ ಒಬ್ಬರು ತೋಟದ ಕಾರ್ಮಿಕರ ಲೈನ್ ಮನೆಯಲ್ಲೇ ಇದ್ದಾರೆ, ಪಟ್ಟಿ ಎಷ್ಟು ಅಗಲವಿದ್ದರೆ ಸೊಂಟ ಕೊರೆಯುವುದಿಲ್ಲ ಎಂಬುದನ್ನು ಅವರೇ ಹೇಳಬೇಕು. ಗೇಟಿನಿಂದ ಪಲ್ಪರ್ ಮನೆಯವರೆಗಿನ ದಾರಿಯಲ್ಲಿ ಜಿಗಣೆ ಇನ್ನೂ ಕಡಿಮೆಯಾಗಿಲ್ಲ. ಚಪ್ಪಲಿಯಲ್ಲಿ ಬರಬೇಡಿ, ಬೂಟು ಹಾಕಿಕೊಂಡು ಬನ್ನಿ.